ಆತ ಕುಡಿಯಲಿಲ್ಲ

ಯಂತ್ರ ಸೋರುತ್ತಿರಲಿಲ್ಲ. ಆದರೂ ಅವನು ಮೂರನೆಯ ಸಲ ಪರೀಕ್ಷಿಸಿದ. ಕೊಳವೆಯ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಕಪ್ಪು ಚೀಲ ಬಿಗಿಯಾಗುವಷ್ಟು ಆಮ್ಲಜನಕ ತುಂಬಿಸಿ, ಒತ್ತಡದ ಮುಳ್ಳು ಮೂವತ್ತರ ಗೆರೆಯ ಮೇಲೆ ನಿಂತದ್ದನ್ನು ಹತ್ತು ಸೆಕೆಂಡು ನೋಡಿದ. ಮುಳ್ಳು ಅಲ್ಲಾಡಲಿಲ್ಲ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ರೋಗಿಗೆ ಅರಿವಳಿಕೆ ಕೊಡುವ ಈ ಯಂತ್ರವನ್ನು ದಿನಾ ಬೆಳಿಗ್ಗೆ ಏಳೂಕಾಲಿಗೆ ಸಿದ್ಧ ಮಾಡುವುದು ಇಪ್ಪತ್ತೇಳು ವರ್ಷಗಳಿಂದ ಅವನ ಕೆಲಸ. ಒಂದು ಸಲದ ಪರೀಕ್ಷೆ ಸಾಕು, ಎರಡನೆಯದು ಅನುಮಾನ, ಮೂರನೆಯದು ರೋಗ ಎಂದು ಹೊಸಬರನ್ನು ನಗಿಸುವವನೂ ಅವನೇ. ಆಮೇಲೆ ಸಿರಿಂಜುಗಳಿಗೆ ಬಣ್ಣದ ಚೀಟಿ ಅಂಟಿಸಿದ. ನಿದ್ದೆಗೆ ಹಳದಿ, ನೋವಿಗೆ ನೀಲಿ, ಸ್ನಾಯುಗಳಿಗೆ ಕೆಂಪು. ಒಳಗಿನ ಔಷಧಿ ಹೆಚ್ಚಿನವುಗಳಲ್ಲಿ ನೀರಿನ ಹಾಗೇ ಕಾಣುತ್ತದೆ. ಚೀಟಿಯಿಲ್ಲದ ಸಿರಿಂಜು ಕಂಡರೆ ಯಾರನ್ನೂ ಕೇಳದೆ ಚೆಲ್ಲಿಬಿಡುವುದು ಅವನ ಪದ್ಧತಿ. ಬಟ್ಟೆ ಬದಲಿಸುವ ಕೋಣೆಯ ಕಪಾಟಿನಲ್ಲಿ, ಊಟದ ಡಬ್ಬಿಯ ಪಕ್ಕ, ಅವನ ನೋಟ್‌ಬುಕ್ಕಿತ್ತು. ಅದರಲ್ಲಿ ಏಳು ಅಂಶಗಳಿದ್ದವು. ಏಳನ್ನೂ ಇವತ್ತು ಸಂಜೆ ಐದಕ್ಕೆ ಓದಬೇಕಿತ್ತು.

ಅವನ ಚರ್ಚಿನ ಸಭೆಯ ಹೊಲಿಗೆಯವಳೊಬ್ಬಳು ವಾರಕ್ಕೊಮ್ಮೆ ತನ್ನ ಮನೆಯಲ್ಲಿ ಇಪ್ಪತ್ತು ಇಪ್ಪತ್ತೈದು ಹೆಂಗಸರನ್ನು ಕೂಡಿಸಿ ಪ್ರಾರ್ಥನೆ ನಡೆಸುತ್ತಿದ್ದಳು. ಯೇಸುವಿನ ವಿಷಯದಲ್ಲಿ ಅವಳು ಹೇಳುತ್ತಿರುವುದು ಸರಿಯೋ ತಪ್ಪೋ ಎಂದು ತೀರ್ಮಾನಿಸಲು ಮೂವರ ಸಮಿತಿ ನೇಮಕವಾಗಿತ್ತು: ಪಾಸ್ಟರ್, ನಿವೃತ್ತ ಹೆಡ್‌ಮಿಸ್, ಇವನು. “ನೀವು ಸೈನ್ಸ್ ಓದಿದೋರು, ಅಳೆದು ನೋಡಿ ಹೇಳ್ತೀರಿ,” ಎಂದಿದ್ದರು ಪಾಸ್ಟರ್. ಅವನಿಗೆ ಖುಷಿಯಾಗಿತ್ತು. ಇಪ್ಪತ್ತಾರು ವರ್ಷ ಭಾನುವಾರದ ತರಗತಿಯಲ್ಲಿ ಮಕ್ಕಳಿಗೆ ಪಾಠ ಹೇಳಿದವನಿಗೆ ಇಂಥದೊಂದು ಕರೆ ಬರಬೇಕಾದ್ದೇ ಅನ್ನಿಸಿತ್ತು. ಆಸ್ಪತ್ರೆಯಲ್ಲಿ ಅವನು ಡಾಕ್ಟರರ ಎಡಗೈ. ಸಭೆಯಲ್ಲಿ ಮಾತ್ರ ಅವನು ಮೇಷ್ಟ್ರು, ಮಕ್ಕಳ ಬಾಯಲ್ಲಿ ಮತ್ತಿನ ಮೇಷ್ಟ್ರು. ಸಮಿತಿಯ ಮೊದಲ ದಿನವೇ ಅವನು ಮೂರು ಪ್ರಶ್ನೆಗಳನ್ನು ಬರೆದುಕೊಟ್ಟಿದ್ದ. ಈ ಮಾತು ಬೈಬಲಿನ ಸುವಾರ್ತೆಯಲ್ಲಿ ಇದೆಯೇ? ಇದು ತೋರಿಸುವ ಯೇಸು ನಿಜವಾದ ಮೈಯುಳ್ಳವನೇ, ಹಸಿದವನೇ, ದಣಿದವನೇ, ಅಥವಾ ಹಾಗೆ ಕಂಡವನು ಮಾತ್ರವೇ? ಇದನ್ನು ನಂಬಿದವರ ಮನೆಯಲ್ಲಿ ಏನಾಗುತ್ತದೆ? ಹೆಡ್‌ಮಿಸ್ ಆ ಹಾಳೆಯನ್ನು ಎರಡು ಸಲ ಓದಿ, “ನೀಟಾಗಿದೆ,” ಎಂದಿದ್ದರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೇಳಿರಲಿಲ್ಲ.

“ನ್ಯಾಯಾಧೀಶರೇ, ಡಬ್ಬಿ ಮರೀಬೇಡಿ,” ಎಂದಿದ್ದಳು ಬೆಳಿಗ್ಗೆ ಹೆಂಡತಿ. “ಆ ಹುಡುಗಿಗೆ ಜಾಸ್ತಿ ಶಿಕ್ಷೆ ಕೊಡ್ಬೇಡಿ ಮತ್ತೆ. ನನ್ನ ಬಟ್ಟೆ ಇನ್ನೂ ಅವಳ ಹತ್ರಾನೇ ಇದೆ.”

“ಶಿಕ್ಷೆ ಕೊಡೋಕೆ ನಾನ್ಯಾರೇ?”

“ಹಾಗಾದ್ರೆ ಕೆಂಪು ಪೆನ್ನು ಯಾಕೆ ಜೇಬಲ್ಲಿ?”

ಕೆಂಪು ಪೆನ್ನು ನಿಜವಾಗಿಯೂ ಇತ್ತು. ಮೊನ್ನೆ ಮಧ್ಯಾಹ್ನ ಹೊಲಿಗೆಯವಳ ಮಾತಿನ ಧ್ವನಿಮುದ್ರಣವನ್ನು ಕೇಳುತ್ತ ಅಂಶಗಳ ಕೆಳಗೆ ಗೆರೆ ಎಳೆದದ್ದು ಅದರಿಂದಲೇ. ಕಿರುಚಾಟವಿರುತ್ತದೆ ಎಂದುಕೊಂಡಿದ್ದ, ಅವಳದು ಸಣ್ಣ ಧ್ವನಿ, ಮಗ್ಗುಲಲ್ಲಿ ಕೂತು ಬೆನ್ನು ಸವರುವವರ ಧ್ವನಿ. ಹಿಂದೆ ಹೆಂಗಸರು ಹೂಂಗುಟ್ಟುತ್ತಿದ್ದರು. ಅದು ಅವನಿಗೆ ಇನ್ನೂ ಅಪಾಯಕಾರಿ ಅನ್ನಿಸಿತ್ತು. ಮೊದಲನೆಯ ಅಂಶವನ್ನು ಅವನು ದುಂಡಗೆ ಬರೆದಿದ್ದ: ಶಿಲುಬೆಯ ಮೇಲೆ ಯೇಸುವಿಗೆ ನೋವಾಗಲಿಲ್ಲ, ಮೊದಲೇ ಮತ್ತಿನ ಪಾನ ಕೊಟ್ಟಿದ್ದರು, ಆದ್ದರಿಂದ ಆತನವರಿಗೂ ನೋವಾಗದು, ಆಗುತ್ತಿದ್ದರೆ ಅವರು ಇನ್ನೂ ಆತನವರಾಗಿಲ್ಲ ಎಂದು ಬೋಧಿಸುತ್ತಾಳೆ. ಎರಡು ಗೆರೆ. ಬರೆದ ಮೇಲೆ ಯಾಕೋ ಹಲ್ಲಿಗೆ ಮರಳು ಸಿಕ್ಕ ಹಾಗಾಗಿತ್ತು. ಅವತ್ತಿನಿಂದ ನಾಲಗೆ ಅಲ್ಲೇ ಹೋಗುತ್ತಿತ್ತು, ಮರಳು ಸಿಗುತ್ತಿರಲಿಲ್ಲ.

ಮೊದಲ ರೋಗಿ ಅಂಚೆಯವನು, ಹರ್ನಿಯ. ಮೇಜಿನ ಮೇಲೆ ಮಲಗಿ ದೀಪವನ್ನೇ ನೋಡುತ್ತಿದ್ದ. ಡಾಕ್ಟರು ಹಳದಿ ಚೀಟಿಯ ಸಿರಿಂಜು ಎತ್ತಿಕೊಂಡಾಗ ತಲೆಯ ಕಡೆ ನಿಂತಿದ್ದ ಅವನು ದಿನಾ ಹೇಳುವ ಮಾತನ್ನೇ ಹೇಳಿದ. “ಹತ್ತರಿಂದ ಹಿಂದಕ್ಕೆ ಎಣಿಸಿ ನೋಡೋಣ. ಏಳರ ತನಕ ಹೋದೋರನ್ನ ನಾನಿನ್ನೂ ನೋಡಿಲ್ಲ.” ಅಂಚೆಯವನು ಹತ್ತು ಎಂದ, ಒಂಬತ್ತು ಎಂದ, ಎಂಟರ ಅರ್ಧದಲ್ಲಿ ದವಡೆ ಸಡಿಲವಾಯಿತು. ಆಗ ಅವನಿಗೆ ಧ್ವನಿಮುದ್ರಣದ ಸಣ್ಣ ಧ್ವನಿ ಕೇಳಿಸಿತು: ಹತ್ತು, ಒಂಬತ್ತು, ಎಂಟು, ಏಳಕ್ಕೆ ಬರೋಷ್ಟರಲ್ಲಿ ಯೇಸುವಿಗೆ ಏನೂ ಗೊತ್ತೇ ಆಗಲಿಲ್ಲ. ರೋಗಿಯ ಮೂಗುಬಾಯಿಗೆ ಮುಖವಾಡ ಹಿಡಿದಿದ್ದ ಅವನ ಕೈ ಹಿಡಿದೇ ಇತ್ತು. ಕೈಗೆ ಇಪ್ಪತ್ತೇಳು ವರ್ಷದ ಅಭ್ಯಾಸ. ಅಷ್ಟರಲ್ಲಿ ಅವನು ಬೇರೆ ಕೋಣೆಯಲ್ಲಿದ್ದ, ಮಡಿಸುವ ಕುರ್ಚಿಗಳನ್ನು ಗೋಡೆಗೆ ಒರಗಿಸಿದ್ದ ಪ್ರಾರ್ಥನಾ ಮಂದಿರದ ಹಿಂದಿನ ಕೋಣೆಯಲ್ಲಿ, ಇಪ್ಪತ್ತಮೂರು ವರ್ಷದ ಕೆಳಗಿನ ಒಂದು ಭಾನುವಾರ, ಹತ್ತೂವರೆ. ಏಳು ವರ್ಷದ ಒಂದು ಹುಡುಗಿ, ಎಲ್ಲದಕ್ಕೂ ಯಾಕೆ ಯಾಕೆ ಎಂದು ಕೇಳಿ ಯಾಕಮ್ಮ ಎಂದು ಹೆಸರು ತೆಗೆದುಕೊಂಡವಳು, ಎದ್ದು ನಿಂತಿದ್ದಾಳೆ. “ಆತನಿಗೆ ನೋವಾಯ್ತಾ?” ಆಯಿತು ಎನ್ನುತ್ತಾನೆ ಅವನು. “ಎಷ್ಟು?” ತುಂಬಾ. “ನಮ್ಮಮ್ಮನಿಗೆ ಆಗುತ್ತಲ್ಲ, ಅಷ್ಟಾ?” ತಾಯಿಗೆ ಮೂಳೆಯ ಕ್ಯಾನ್ಸರು ಎಂದು ಎಲ್ಲರಿಗೂ ಗೊತ್ತಿತ್ತು. ಹುಡುಗಿ ಸದ್ದು ಮಾಡದೆ ಅಳುತ್ತಿದ್ದಳು, ಮೂಗು ಸುರಿಯುತ್ತಿತ್ತು, ಉಳಿದ ಮಕ್ಕಳು ಬೆಂಚಿನ ಕೆಳಗೆ ಒಬ್ಬರನ್ನೊಬ್ಬರು ಒದೆಯುತ್ತಿದ್ದರು, ಹಿಂದಿನ ದಿನದ ಡ್ಯೂಟಿಯಿಂದ ಅವನ ಕಣ್ಣು ಉರಿಯುತ್ತಿದ್ದವು. ಇಲ್ಲ ಇಲ್ಲ, ಎಂದಿದ್ದ ಅವನು. ಸೈನಿಕರು ಮೊದಲೇ ಒಂದು ಪಾನ ಕೊಟ್ಟರು, ನಾನು ಆಸ್ಪತ್ರೆಯಲ್ಲಿ ಕೊಡ್ತೀನಲ್ಲ, ಅಂಥದು. ಹತ್ತು, ಒಂಬತ್ತು, ಎಂಟು. ಅವಳು ತೋಳಿನಿಂದ ಮೂಗು ಒರೆಸಿಕೊಂಡಿದ್ದಳು. ಮನೆಗೆ ಹೋಗುವಾಗ ಅವನಿಗೆ ತನ್ನ ಬಗ್ಗೆ ಮೆಚ್ಚುಗೆ ಉಂಟಾಗಿತ್ತು.

ಅದನ್ನು ಅಷ್ಟಕ್ಕೇ ಬಿಟ್ಟಿದ್ದನೇ? ಬಿಟ್ಟಿರಲಿಲ್ಲ. ಮುಂದಿನ ವರ್ಷದ ಮಕ್ಕಳಿಗೂ ಹೇಳಿದ, ಅದರ ಮುಂದಿನವರಿಗೂ. ಮಕ್ಕಳು ಕಣ್ಣರಳಿಸಿ ಕೇಳುತ್ತಿದ್ದರು. ಐದಾರು ವರ್ಷದ ಮೇಲೆ ಹೊಸ ಪಾಠಪುಸ್ತಕ ಬಂದು ಆ ಮಾತು ತಾನಾಗಿ ಬಿದ್ದುಹೋಯಿತು. ಅವನು ಅದನ್ನು ತಿದ್ದಲಿಲ್ಲ, ಮರೆತ. ಮೊನ್ನೆ ತನ್ನದೇ ವಾಕ್ಯವನ್ನು ಬೇರೊಬ್ಬಳ ಬಾಯಲ್ಲಿ ಕೇಳಿ, ಗುರುತು ಹಿಡಿಯದೆ, ಕೆಂಪು ಗೆರೆ ಎಳೆದ.

“ಏನ್ರೀ, ನಿದ್ದೇನಾ? ಅರಿವಳಿಕೆ ಕೊಟ್ಟಿದ್ದು ಅವರಿಗೆ,” ಎಂದರು ಡಾಕ್ಟರು. ಎಲ್ಲರೂ ನಕ್ಕರು. ಅವನೂ ನಕ್ಕ.

ಹತ್ತೂವರೆಗೆ ಹೆಂಗಸರ ವಾರ್ಡಿನ ಸಿಸ್ಟರ್ ಬಾಗಿಲಲ್ಲಿ ನಿಂತು ಕರೆದಳು. ನಿನ್ನೆ ಗರ್ಭಕೋಶ ತೆಗೆದ ಇಸ್ತ್ರಿ ಅಂಗಡಿಯ ಹೆಂಗಸು ನೋವಿನ ಮದ್ದು ಬೇಡ ಅನ್ನುತ್ತಿದ್ದಾಳೆ, ಹಟ ಹಿಡಿದಿದ್ದಾಳೆ, ನಿಮ್ಮ ಚರ್ಚಿನವರೇ ಅಂತೆ, ಸ್ವಲ್ಪ ಬಂದು ಹೇಳಿ. ಅವನು ಹೋದ. ಐದನೆಯ ಹಾಸಿಗೆ. ಹೆಂಗಸಿಗೆ ಐವತ್ತಿರಬಹುದು, ಮುಂಗೈಯಲ್ಲಿ ಹಳೆಯ ಸುಟ್ಟ ಗುರುತುಗಳು. ಮೇಲ್ದುಟಿಯ ಮೇಲೆ ಬೆವರು ಹನಿಗಟ್ಟಿತ್ತು. ನಾಡಿ ನೂರಿಪ್ಪತ್ತಾರು. ಉಸಿರು ಎದೆಯ ಮೇಲ್ಭಾಗದಲ್ಲೇ ಹೋಗಿ ಬರುತ್ತಿತ್ತು. ಹೊಟ್ಟೆಯ ಹೊಲಿಗೆಗೆ ಹೆದರಿ ಹೀಗೆ ಮೇಲುಮೇಲೆ ಉಸಿರಾಡಿದರೆ ನಾಳೆಯೊಳಗೆ ಶ್ವಾಸಕೋಶದ ತಳ ಮುದುಡುತ್ತದೆ, ಜ್ವರ ಬರುತ್ತದೆ, ಇವೆಲ್ಲ ಅವನು ನಿಂತಲ್ಲೇ ಲೆಕ್ಕ ಹಾಕಬಲ್ಲವನು.

“ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟಮ್ಮ?” ಎಂದಳು ಸಿಸ್ಟರ್.

“ಸೊನ್ನೆ.”

“ನೋಡಿ ಇವರನ್ನ! ನಿನ್ನೆಯಿಂದ ಇದೇ ಸೊನ್ನೆ. ಸೊನ್ನೆ ಇದ್ರೆ ಒಂದು ಸಲ ಕೆಮ್ಮಿ ತೋರ್ಸಿ.”

ಹೆಂಗಸು ಕೆಮ್ಮಲು ಹೋಗಿ, ಕಣ್ಣು ಮುಚ್ಚಿ, ಹೊದಿಕೆಯ ಅಂಚನ್ನು ಬಾಯಿಗೆ ಒತ್ತಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಅವನನ್ನು ನೋಡಿ ಪಿಸುಮಾತಿನಲ್ಲಿ, “ನಿನ್ನೆ ಎಚ್ಚರ ಬಂದಾಗ ನಾನು ಕೂಗ್ಬಿಟ್ಟೆ ಅಂತೆ. ಅದನ್ನ ಫೈಲಲ್ಲಿ ಬರ್ದಿದಾರಾ ಅಣ್ಣ?” ಎಂದಳು.

“ಅದನ್ನೆಲ್ಲ ಯಾರು ಬರೀತಾರೆ.”

“ಗುಂಪಿನವರಿಗೆ ಗೊತ್ತಾಗೋದು ಬೇಡ. ಅಷ್ಟು ವರ್ಷ ಕೂತು ಕೇಳಿ ಕೊನೆಗೆ ಇವಳು ಹೀಗಾ ಅಂತಾರೆ. ಆತನಿಗೇ ನೋವಾಗ್ಲಿಲ್ಲ. ನಾನು ಆತನವಳಾಗಿದ್ರೆ ನನಗೆ ಯಾಕಾಗ್ಬೇಕು?” ಮಾತಾಡಿದ್ದೇ ಅವಳಿಗೆ ದೊಡ್ಡ ಕೆಲಸವಾಗಿತ್ತು. ಉಸಿರು ಸೇರಿಸಿಕೊಂಡು, “ಆ ಮಾತು ನೀವೇ ಹೇಳ್ಕೊಟ್ಟಿದ್ದಂತಲ್ಲ. ನಮ್ಮ ಟೈಲರಮ್ಮ ಯಾವಾಗ್ಲೂ ಹೇಳ್ತಾಳೆ, ನನಗೆ ಕಲಿಸಿದ ಮೇಷ್ಟ್ರು ದಿನಾ ಆ ಕೆಲಸಾನೇ ಮಾಡೋರು, ಅವರಿಗೆ ಗೊತ್ತಿಲ್ದೆ ಇರುತ್ತಾ ಅಂತ. ಹೌದಾ ಅಣ್ಣ?”

ಸಿಸ್ಟರ್ ಅವನ ಮುಖ ನೋಡಿದಳು. ಒಂದು ಪದ ಸಾಕಿತ್ತು. ಅವನು ಗ್ಲೂಕೋಸ್ ಬಾಟಲಿಯ ಹನಿಕೊಳವೆಯ ಚಕ್ರವನ್ನು ಮುಟ್ಟಿದ, ಸರಿಯಾಗಿಯೇ ಇದ್ದದ್ದನ್ನು ಇನ್ನಷ್ಟು ಸರಿಮಾಡಿದ, “ಡಾಕ್ಟರು ರೌಂಡ್ಸಿಗೆ ಬರ್ಲಿ, ನೋಡೋಣ,” ಎಂದು ಹೊರಗೆ ಬಂದ. ಕಾರಿಡಾರಿನಲ್ಲಿ ನೆಲ ಒರೆಸಿದ್ದರು. ಒದ್ದೆಯ ಮೇಲೆ ಅವನ ಹೆಜ್ಜೆ ಒಂದೊಂದೂ ಸ್ಪಷ್ಟವಾಗಿ ಮೂಡಿ, ಹಿಂದೆ ಬಿದ್ದವರ ಹಾಗೆ ಬಾಗಿಲ ತನಕ ಬಂದವು.

ಮಧ್ಯಾಹ್ನ ಡಬ್ಬಿ ತೆರೆಯಲಿಲ್ಲ. ಕಪಾಟಿನಲ್ಲಿದ್ದ ಸುವಾರ್ತೆಯ ಸಣ್ಣ ಪ್ರತಿಯನ್ನು ಬೆಂಚಿನ ಮೇಲಿಟ್ಟುಕೊಂಡು, ಯಾವುದೋ ಔಷಧಿಯ ಪ್ರಮಾಣ ಹುಡುಕುವವನಂತೆ ಬೆರಳಿಟ್ಟು ಓದಿದ. ಪಾನಗಳು ಎರಡು. ಮೊದಲನೆಯದು ಮೊಳೆ ಹೊಡೆಯುವ ಮುಂಚೆ, ಏನೋ ಬೆರೆಸಿದ ದ್ರಾಕ್ಷಾರಸ, ಸಾಯುವವರ ನೋವನ್ನು ಮಂಕಾಗಿಸಲು ಕೊಡುತ್ತಿದ್ದದ್ದು; ಅದನ್ನು ಆತ ಬೇಡವೆಂದ. ಎರಡನೆಯದು ಕೊನೆಯಲ್ಲಿ, ಗಂಟೆಗಟ್ಟಲೆ ಆದ ಮೇಲೆ, ಹುಳಿರಸ, ಬಾಯಾರಿಕೆಯೆಂದದ್ದಕ್ಕೆ, ಅದನ್ನು ಆತ ತುಟಿಗೆ ಮುಟ್ಟಿಸಿಕೊಂಡ. ಎರಡರ ನಡುವೆ ನೋವೆಲ್ಲ ಇತ್ತು. ಆ ಭಾನುವಾರ ಅವನು ಮೊದಲಿನದರ ಔಷಧಿಯನ್ನು ಎರಡನೆಯದಕ್ಕೆ ಬೆರೆಸಿ, ಚೀಟಿಯಿಲ್ಲದೆ, ಒಂದು ಮಗುವಿಗೆ ಕೊಟ್ಟಿದ್ದ. ಸುಳ್ಳು ಬೋಧಕರೆಂದರೆ ಅವನ ಮನಸ್ಸಿನಲ್ಲಿ ಯಾವಾಗಲೂ ಇದ್ದದ್ದು ಗಟ್ಟಿ ಗಂಟಲಿನ, ಹೊಳೆಯುವ ಬೂಟಿನ, ಜನರ ಜೇಬು ನೋಡುವ ಯಾರೋ. ಕಣ್ಣುರಿಯುತ್ತಿದ್ದ, ಕನಿಕರಪಟ್ಟ, ಬೇಗ ಮನೆಗೆ ಹೋಗಬೇಕಿದ್ದ ಟೆಕ್ನಿಷಿಯನ್ ಅಲ್ಲಿ ಇರಲಿಲ್ಲ. ಅವನು ಕೊಟ್ಟ ಯೇಸು ಮೇಜಿನ ಮೇಲಿನ ರೋಗಿಯಂತೆ ಅರಿವಿಲ್ಲದೆ ತೂಗುತ್ತಿದ್ದವನು. ಅಂಥವನನ್ನು ಇಸ್ತ್ರಿ ಅಂಗಡಿಯ ಹೆಂಗಸು ಕರೆದರೂ ಆತನಿಗೆ ಕೇಳಿಸುವುದು ಹೇಗೆ? ಓಡಿಹೋಗಿ ಅವಳಿಗೆ ಹೇಳಿಬಿಡಬೇಕು ಅನ್ನಿಸಿತು. ಇನ್ನೂ ಎರಡು ಆಪರೇಷನ್ ಇದ್ದವು. ಇದ್ದದ್ದು ಒಳ್ಳೆಯದಾಯಿತು ಎಂದು ಅನ್ನಿಸಿದ್ದನ್ನೂ ಅವನು ಗಮನಿಸಿದ.

ಐದು ಗಂಟೆಗೆ ಪ್ರಾರ್ಥನಾ ಮಂದಿರದ ಹಿಂದಿನ ಕೋಣೆ. ಅದೇ ಕೋಣೆ, ಹಾಡುಪುಸ್ತಕಗಳ ಕಪಾಟು ಮಾತ್ರ ಹೊಸದು. ಪಾಸ್ಟರ್ ಕನ್ನಡಕ ಹುಡುಕುತ್ತಿದ್ದರು, ಹೆಡ್‌ಮಿಸ್ “ತಲೆ ಮೇಲಿದೆ” ಎಂದರು. ಹೊಲಿಗೆಯವಳು, ಅದೇ ಯಾಕಮ್ಮ, ಎದುರಿನ ಕುರ್ಚಿಯಲ್ಲಿ ಕೂತಿದ್ದಳು. ಈಗ ಅವಳಿಗೆ ಮೂವತ್ತು. ಕೆಲಸದಿಂದ ನೇರ ಬಂದಿರಬೇಕು, ಅಳತೆಯ ಪಟ್ಟಿ ಕುತ್ತಿಗೆಯಲ್ಲಿ ಹಾಗೇ ಇತ್ತು. ಅದನ್ನು ಹೇಳಬೇಕೋ ಬಿಡಬೇಕೋ ಎಂದು ಯಾರಿಗೂ ತಿಳಿಯಲಿಲ್ಲ.

ಅವನು ಮೊದಲನೆಯ ಅಂಶ ಓದಿದ. ತನ್ನ ಧ್ವನಿ ಬೇರೆಯವರದಂತೆ ಕೇಳಿಸಿತು.

“ಹೀಗೆ ಹೇಳಿದ್ದೀಯೇನಮ್ಮ?” ಎಂದರು ಪಾಸ್ಟರ್.

“ಹೇಳಿದೀನಿ.”

“ಯಾರು ಕಲಿಸಿದ್ರು ನಿನಗೆ ಇದನ್ನ?”

ಅವಳು ಅವನ ಕಡೆ ನೋಡಿದಳು. ದೀರ್ಘ ನೋಟವಲ್ಲ, ಬಟ್ಟೆಯ ಅಂಚು ಸರಿಯಿದೆಯೇ ಎಂದು ನೋಡುವಷ್ಟು. “ಯಾರೂ ಇಲ್ಲ. ನನಗೇ ಹಾಗನ್ನಿಸ್ತು.”

“ಅನ್ನಿಸಿದ್ದೆಲ್ಲಾ ಹೇಳ್ಕೊಂಡು ಹೋದ್ರೆ ಅದಕ್ಕೆ ಬೋಧನೆ ಅನ್ನಲ್ಲ, ಹರಟೆ ಅಂತಾರೆ,” ಎಂದರು ಹೆಡ್‌ಮಿಸ್. “ಮುಂದಿನದು ಓದಿ.”

“ಎರಡು,” ಎಂದ ಅವನು. ಬಾಯಿ ತಾನಾಗಿ ಹೇಳಿತು. ಹಾಳೆಯ ಮೇಲೆ ಎರಡನೆಯ ಅಂಶ ಸಿದ್ಧವಾಗಿತ್ತು, ಮೂರನೆಯದೂ. ಏಳರ ತನಕ ಮೆಟ್ಟಿಲಿಳಿಯುವಂತೆ ಇಳಿದುಬಿಡಬಹುದಿತ್ತು. ಅವಳು ತೊಡೆಯ ಮೇಲೆ ಕೈ ಮಡಿಸಿ ಕೂತಿದ್ದಳು, ಅವನನ್ನು ಕಾಪಾಡಿದ ನೆಮ್ಮದಿ ಅವಳ ಮುಖದಲ್ಲಿತ್ತು. ಅದನ್ನು ನೋಡಲಾಗಲಿಲ್ಲ. “ಮೊದಲನೇದು ನಂದು.”

“ನಿಮ್ದೇ, ಏಳೂ ನಿಮ್ದೇ, ಚೆನ್ನಾಗಿ ಬರ್ದಿದೀರಿ,” ಎಂದರು ಪಾಸ್ಟರ್.

“ಬರ್ದಿದ್ದಲ್ಲ. ಕಲಿಸಿದ್ದು. ಇವಳಿಗೆ ಏಳು ವರ್ಷ ಇದ್ದಾಗ ಇದೇ ಕೋಣೇಲಿ ನಾನು ಹೇಳ್ಕೊಟ್ಟಿದ್ದು. ಆಮೇಲೂ ಐದಾರು ವರ್ಷ ಹೇಳ್ದೆ.”

ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದ ಸದ್ದು. ಪಾಸ್ಟರ್ ಕನ್ನಡಕ ತೆಗೆದು ಮತ್ತೆ ತಲೆಯ ಮೇಲಿಟ್ಟರು. “ಮಗುಗೆ ಸಮಾಧಾನಕ್ಕೆ ಹೇಳಿರ್ತೀರಿ. ಅದು ಬೇರೆ. ನಡಾವಳಿ ಪುಸ್ತಕದಲ್ಲಿ ಅದೆಲ್ಲ ಬೇಡ.”

“ಬೇರೆ ಅಲ್ಲ. ಅದೇ ಮಾತು. ಅವಳ ಬಾಯಲ್ಲಿ ತಪ್ಪಾದ್ರೆ ನನ್ನ ಬಾಯಲ್ಲೂ ತಪ್ಪೇ. ಬರೀರಿ.”

“ಹಾಗಾದ್ರೆ ಭಾನುವಾರದ ತರಗತಿ ಸದ್ಯಕ್ಕೆ ನಾನೇ ನೋಡ್ಕೋತೀನಿ,” ಎಂದರು ಹೆಡ್‌ಮಿಸ್, ತುಸು ಬೇಗನೆ. ಅವರು ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದರು. ಇಪ್ಪತ್ತಾರು ವರ್ಷ ಅಷ್ಟರಲ್ಲಿ ಮುಗಿಯಿತು. ನೋವಾಗುತ್ತದೆ ಎಂದು ಕಾದ, ಬರೀ ದಣಿವಾಯಿತು.

ಯಾಕಮ್ಮ ಎದ್ದು ನಿಂತಿದ್ದಳು. “ಸುಳ್ಳು ಅಂತೀರಾ ಮೇಷ್ಟ್ರೇ?”

“ಹೌದಮ್ಮ. ಪಾನ ಎರಡು. ಮತ್ತಿನದನ್ನ ಆತ ಕುಡೀಲಿಲ್ಲ. ನಾನು ಎರಡನ್ನೂ ಒಂದು ಮಾಡ್ಬಿಟ್ಟೆ.”

“ಕೈಗೆ ಕೊಟ್ರೂ ಕುಡೀಲಿಲ್ವಾ? ಯಾಕೆ?”

“ಯಾಕೆ ಅಂತ ನನಗೆ ಗೊತ್ತಿಲ್ಲ,” ಎಂದ ಅವನು. “ಬೇಡ ಅಂದಿದ್ದು ಗೊತ್ತು. ನೋವಾಯ್ತು ಅನ್ನೋದು ಗೊತ್ತು. ಕೂಗಿದ, ಗಟ್ಟಿಯಾಗಿ ಕೂಗಿದ, ಎಲ್ಲರಿಗೂ ಕೇಳಿಸೋ ಹಾಗೆ. ಇಷ್ಟು ಬರ್ದಿದೆ. ಇದಕ್ಕಿಂತ ಜಾಸ್ತಿ ಹೇಳಿದ್ರೆ ಅವತ್ತು ಮಾಡಿದ್ದನ್ನೇ ಮತ್ತೆ ಮಾಡಿದ ಹಾಗೆ.”

ಅವಳು ಹೊರಗೆ ಹೋದಳು. ಉಳಿದ ಆರನ್ನು ಮುಂದಿನ ವಾರ ನೋಡೋಣ ಎಂದು ಪಾಸ್ಟರ್ ಹೇಳುವುದು ಕೇಳಿಸುತ್ತಿದ್ದಂತೆ ಅವನೂ ಎದ್ದ. ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಅವನು ಎರಡು ಮೆಟ್ಟಿಲು ಮೇಲೆ ಕೂತ. ಕ್ಷಮೆ ಕೇಳಬೇಕೆಂದು ಮಾತು ಜೋಡಿಸುತ್ತಿದ್ದ. ಅವಳೇ ಮೊದಲು ಮಾತಾಡಿದಳು, ಬೀದಿಯ ಕಡೆ ನೋಡುತ್ತ.

“ಅವತ್ತು ಮನೆಗೆ ಓಡಿಹೋಗಿ ಅಮ್ಮನ ಕಿವೀಲಿ ಹೇಳ್ದೆ. ಆತನಿಗೆ ನೋವೇ ಆಗ್ಲಿಲ್ವಂತೆ, ನಿನಗೂ ಆಗಲ್ಲ ಬಿಡು ಅಂತ. ಅವತ್ತಿನ ತನಕ ಅಮ್ಮ ನರಳ್ತಾ ಇದ್ದಳು, ಪಕ್ಕದ ಮನೆಗೂ ಕೇಳಿಸೋದು. ನಾನು ಹೇಳಿದ ಮೇಲೆ ನರಳಲೇ ಇಲ್ಲ. ಹನ್ನೊಂದು ದಿನ. ಒಂದು ಸದ್ದೂ ಇಲ್ಲ.” ಅವಳು ಅಳತೆಯ ಪಟ್ಟಿಯನ್ನು ಕುತ್ತಿಗೆಯಿಂದ ತೆಗೆದು ಬೆರಳಿಗೆ ಸುತ್ತತೊಡಗಿದಳು. “ಅದನ್ನ ಕಣ್ಣಾರೆ ನೋಡಿದ್ದಕ್ಕೇ ನಾನು ನಂಬಿದ್ದು ಮೇಷ್ಟ್ರೇ. ನೀವು ಹೇಳಿದ್ರಿ ಅಂತಲ್ಲ.”

ಅವನು ಒಂದು ಮೆಟ್ಟಿಲು ಕೆಳಗೆ ಸರಿದು ಕೂತ.

“ಕೈಯಿಂದ ಮಾತ್ರ ಹಾಸಿಗೆ ಬಟ್ಟೆ ಹಿಡ್ಕೊಂಡಿರೋಳು. ಬಿಡಿಸೋಕೆ ಹೋದ್ರೆ ಬೆರಳು ಬರ್ತಿರ್ಲಿಲ್ಲ.” ಸುತ್ತುತ್ತಿದ್ದ ಕೈ ನಿಂತಿತು. ಈ ಮಾತನ್ನು ಅವಳು ಇಷ್ಟು ವರ್ಷದಲ್ಲಿ ಎಷ್ಟೋ ಸಲ ಹೇಳಿರಬೇಕು, ಈಗಲೇ ಕೇಳಿಸಿಕೊಂಡಳು. ಮುಖ ತಿರುಗಿಸಿದಳು. ಮೂಗಿನ ತುದಿ ಕೆಂಪಾಗಿತ್ತು. “ನೋವು ನಿಂತಿತ್ತು ಅಲ್ವಾ? ಅದಕ್ಕೇ ಸುಮ್ಮನಾಗಿದ್ದು. ನೀವು ಇದೇ ಕೆಲಸ ಮಾಡೋರು, ನಿಮಗೆ ಗೊತ್ತಿರುತ್ತೆ. ನಿಂತಿತ್ತು ತಾನೇ?”

ಹೇಳಲು ಬೇಕಾದಷ್ಟಿತ್ತು. ಕೊನೆಯ ದಿನಗಳಲ್ಲಿ ಪ್ರಜ್ಞೆ ಮಂಕಾಗುತ್ತದೆ, ನರಗಳು ಸೋಲುತ್ತವೆ, ಡಾಕ್ಟರು ಮದ್ದು ಹೆಚ್ಚಿಸಿರಬಹುದು, ಒಂದೊಂದೂ ವಿಜ್ಞಾನಕ್ಕೆ ಒಪ್ಪುವ ಮಾತು, ಯಾರೂ ತಪ್ಪೆನ್ನುವಂತಿರಲಿಲ್ಲ. ಅವನ ಕಣ್ಣು ಉರಿಯುತ್ತಿದ್ದವು. ಬೆಳಗಿನಿಂದ ಏನೂ ತಿಂದಿರಲಿಲ್ಲ, ಮನೆಗೆ ಹೋಗಬೇಕಿತ್ತು.

“ನಿಂತಿರ್ಲಿಲ್ಲಮ್ಮ,” ಎಂದ. “ನಿನಗೋಸ್ಕರ ಸುಮ್ಮನಿದ್ದಳು.”

ಅವಳು ಅತ್ತಳು. ಚಿಕ್ಕಂದಿನಂತೆ ಸದ್ದಿಲ್ಲದೆ ಅಲ್ಲ. ಗಂಟಲು ಬಿಟ್ಟು, ಒರಟಾಗಿ, ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡುವ ಹಾಗೆ. ಒಳಗಿನಿಂದ ಹೆಡ್‌ಮಿಸ್ ಬಾಗಿಲ ತನಕ ಬಂದು, ನಿಂತು, ಹಿಂದಕ್ಕೆ ಹೋದರು. ಅವನು ಸಮಾಧಾನ ಹೇಳಲಿಲ್ಲ, ಎದ್ದೂ ಹೋಗಲಿಲ್ಲ. ಬೆನ್ನ ಮೇಲೆ ಕೈಯಿಡಬೇಕೆನ್ನಿಸಿತು. ಆ ಹಕ್ಕು ತನಗಿದೆಯೋ ಇಲ್ಲವೋ ಗೊತ್ತಾಗಲಿಲ್ಲ, ಇಡಲಿಲ್ಲ.

ಬಹಳ ಹೊತ್ತಿನ ಮೇಲೆ ಅವಳು ಮುಖ ಒರೆಸಿಕೊಂಡು, “ಇಸ್ತ್ರಿ ಅಂಗಡಿ ಅಕ್ಕನ ಹತ್ರ ಈಗ ಯಾರಿದಾರೆ?” ಎಂದಳು.

“ಯಾರೂ ಇಲ್ಲ. ಏಳು ಗಂಟೆ ತನಕ ಒಳಗೆ ಬಿಡ್ತಾರೆ. ಮದ್ದು ಬೇಡ ಅಂತಿದಾಳೆ. ಬೆಳಿಗ್ಗೆ ನನ್ನನ್ನೇ ಕೇಳಿದ್ಲು, ನಾನು ಹೇಳ್ದೆ ಬಂದ್ಬಿಟ್ಟೆ.”

“ನಾನು ಒಬ್ಳೇ ಹೇಳಿದ್ರೆ ನಂಬಲ್ಲ. ನಿನ್ನನ್ನ ಹೆದರಿಸಿದಾರೆ ಅಂತಾಳೆ.” ಅವಳು ಎದ್ದಳು. “ನೀವೂ ಬನ್ನಿ. ನೀವೇ ಹೇಳ್ಬೇಕು, ನಾನು ಪಕ್ಕದಲ್ಲಿ ನಿಂತಿರ್ತೀನಿ.”

ಅವನನ್ನು ಕ್ಷಮಿಸಿದ ಲಕ್ಷಣವೇನೂ ಅವಳಲ್ಲಿ ಇರಲಿಲ್ಲ. ಅವನಿಗಾಗಿ ಕಾಯಲೂ ಇಲ್ಲ, ಬೇಗ ಬೇಗ ನಡೆದಳು. ಅವನು ಮೊಣಕಾಲಿಗೆ ಕೈ ಊರಿ ಎದ್ದು, ಅಂಗಡಿಗಳ ಮುಂದೆ, ಮನೆಗೆ ಮರಳುವ ಜನರ ನಡುವೆ, ಅವಳ ಬೆನ್ನು ತಪ್ಪಿಹೋಗದಷ್ಟು ದೂರದಲ್ಲಿ ಹಿಂದೆ ಹೋದ.